ಇವತ್ತು ಯಾರ ಪಕ್ಕ ಕೂತಿದ್ದೆ?



ಸಂಜೆ ಶಾಲೆ ಬಿಡುತ್ತದೆ. ಮಕ್ಕಳು ಮನೆಗೆ ಬರುತ್ತಾರೆ. ಚೀಲ ಮೂಲೆಗೆ ಹಾಕುತ್ತಾರೆ. ಆಗ ಎಲ್ಲ ಮನೆಯಲ್ಲೂ ಕೇಳುವ ಮಾತು ಒಂದೇ. "ಮಧ್ಯಾಹ್ನ ಸರಿಯಾಗಿ ಉಂಡ್ಯಾ? ಟೀಚರ್ ಏನಂದ್ರು? ಮಾರ್ಕ್ಸು ಎಷ್ಟು ಬಂತು?" ಇವು ಕೇಳಬೇಕಾದ ಮಾತುಗಳೇ. ಆದರೆ ಇನ್ನೊಂದು ಮಾತಿದೆ. ಅದನ್ನು ಕೇಳುವವರು ಕಡಿಮೆ. "ಇವತ್ತು ಯಾರ ಪಕ್ಕ ಕೂತಿದ್ದೆ? ಆಟಕ್ಕೆ ನಿನ್ನನ್ನ ಯಾರು ಕರೆದ್ರು? ನೀವು ಯಾರನ್ನ ಬಿಟ್ಟು ಆಡಿದ್ರಿ?"

ಈ ಪಾಠ ಆ ಮಾತಿನ ಬಗ್ಗೆ.

ನಾವು ಹಗಲು ಹೊತ್ತು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವರು. ಸಂಜೆ ನಿಮ್ಮ ಜೊತೆ ಕೂತು ಓದುವವರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಶಾಲೆಗಳು ಒಂದರ ಹಾಗೆ ಇನ್ನೊಂದಿಲ್ಲ. ಒಂದು ಕಡೆ ಅಡಿಕೆ ತೆಂಗಿನ ತೋಟದವರ ಮಕ್ಕಳು ಹೆಚ್ಚು. ಇನ್ನೊಂದು ಕಡೆ ಶೇಂಗಾ ಹೊಲಕ್ಕೆ, ಈರುಳ್ಳಿ ಕೀಳೋದಕ್ಕೆ ಕೂಲಿ ಹೋಗುವವರ ಮಕ್ಕಳು ಹೆಚ್ಚು. ಒಂದು ಕಡೆ ಹಟ್ಟಿ, ಒಂದು ಕಡೆ ತಾಂಡ, ಇನ್ನೊಂದು ಕಡೆ ಹೈವೇ ಪಕ್ಕದ ಊರು. ಏನೇ ಇರಲಿ, ಎಲ್ಲ ಶಾಲೆಯಲ್ಲೂ ಇರುವ ಒಂದು ಸಂಗತಿ ಉಂಟು. ಮಕ್ಕಳದೇ ಒಂದು ಗುಂಪು. ಆ ಗುಂಪಿಗೆ ಒಬ್ಬ ಮುಂದಾಳು. ಗುಂಪಿನ ಹೊರಗೆ ಒಂಟಿಯಾಗಿ ನಿಂತ ಒಂದು ಮಗು.

ಗುಂಪು ಅಂದರೆ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಗೆಳತಿಯರಿಲ್ಲದೆ ಯಾರು ದೊಡ್ಡವರಾದರು? ಲಗೋರಿ ಆಡೋದಕ್ಕೆ ಗುಂಪು ಬೇಕು. ಎರಡು ಮೈಲಿ ನಡೆದು ಹೈಸ್ಕೂಲಿಗೆ ಹೋಗೋ ಹುಡುಗಿಗೆ ಜೊತೆ ಬೇಕೇ ಬೇಕು. ಮೇಷ್ಟ್ರಿಗೆ ಕೇಳೋಕೆ ಹೆದರುವ ಲೆಕ್ಕವನ್ನು ಗೆಳತಿ ಹೇಳಿಕೊಡುತ್ತಾಳೆ. ಇದೆಲ್ಲ ಒಳ್ಳೆಯದೇ. ತೊಂದರೆ ಬರುವುದು, ಗುಂಪಿನಲ್ಲಿ ಒಬ್ಬರು ಯಜಮಾನಿಕೆ ಮಾಡಿ, ಒಂದು ಮಗುವನ್ನು ಎಲ್ಲರೂ ಸೇರಿ ಗೋಳು ಹೊಯ್ದುಕೊಳ್ಳುವಾಗ.

ಯಜಮಾನಿಕೆ ಎಲ್ಲಿಂದ ಬರುತ್ತೆ?

ಒಂದನೇ ತರಗತಿಯಿಂದ ಮೂರನೇ ತರಗತಿವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಪದ್ಧತಿ ಇದೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಆಮೇಲೆ ರಾಜ್ಯಕ್ಕೆಲ್ಲ ಬಂತು. ಇದರಲ್ಲಿ ಮಕ್ಕಳು ನೆಲದ ಮೇಲೆ ದುಂಡಗೆ ಕೂರುತ್ತಾರೆ. ಒಂದು ಕಾರ್ಡು ಕಲಿತು ಮುಗಿದ ಮೇಲೆ ಬೇರೆ ಗುಂಪಿಗೆ ಎದ್ದು ಹೋಗುತ್ತಾರೆ. ಹೀಗಾಗಿ ಯಾರ ಪಕ್ಕ ಯಾರು ಅನ್ನೋದು ದಿನಾ ಬದಲಾಗುತ್ತಾ ಇರುತ್ತೆ.

ನಾಲ್ಕು, ಐದನೇ ತರಗತಿಗೆ ಬರುವ ಹೊತ್ತಿಗೆ ಜಾಗ ಗಟ್ಟಿಯಾಗುತ್ತೆ. ಇದು ನನ್ನ ಬೆಂಚು, ಅದು ಅವರ ಬೆಂಚು. ಎಂಟನೇ ತರಗತಿಗೆ ಹೋಬಳಿ ಊರಿನ ಹೈಸ್ಕೂಲು. ಅಲ್ಲಿ ಏಳೆಂಟು ಊರಿನ ಮಕ್ಕಳು ಒಂದೇ ಕೋಣೆಗೆ ಬರುತ್ತಾರೆ. ಯಾರಿಗೂ ಯಾರ ಪರಿಚಯವೂ ಇಲ್ಲ. ಮೊದಲ ಒಂದು ವಾರದಲ್ಲೇ ಮಕ್ಕಳು ತಮ್ಮತಮ್ಮೊಳಗೆ ತೂಕ ಹಾಕಿ ನೋಡುತ್ತಾರೆ. ಯಾರು ದೊಡ್ಡವರು, ಯಾರು ಸಣ್ಣವರು? ಈ ತೂಕ ನಮಗೆ ಕಾಣೋದಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಇರೋದಿಲ್ಲ.

ಮುಂದಾಳು ಆಗುವವರು ಮೈಕೈ ಗಟ್ಟಿ ಇರೋರೇ ಆಗಬೇಕಿಲ್ಲ. ಅಪ್ಪನಿಗೆ ಟ್ರ್ಯಾಕ್ಟರ್ ಇರಬಹುದು. ಊರಲ್ಲಿ ಅಂಗಡಿ ಇರಬಹುದು. ಜಾತಿಯಲ್ಲಿ ಊರಿನ ದೊಡ್ಡ ಜಾತಿ ಇರಬಹುದು. ಚೆನ್ನಾಗಿ ಓದುವ ಹುಡುಗಿಯೂ ಆಗಬಹುದು, ಎಸ್ಸೆಸ್ಸೆಲ್ಸಿ ಫೇಲಾದ ಅಣ್ಣನ ಹೆದರಿಕೆ ಇಟ್ಟುಕೊಂಡ ಹುಡುಗನೂ ಆಗಬಹುದು. ಚುರುಕು ಮಾತು ಒಂದೇ ಸಾಕು ಕೆಲವರಿಗೆ.

ಒಮ್ಮೊಮ್ಮೆ ಯಜಮಾನಿಕೆಯನ್ನು ಶಾಲೆಯೇ ಕೈಗೆ ಕೊಡುತ್ತೆ. ಕ್ಲಾಸ್ ಲೀಡರ್ ಅಂತ ಮಾಡುತ್ತಾರಲ್ಲ, ಅದು. ಟೀಚರ್ ಆಫೀಸಿಗೆ ಹೋದಾಗ ಗಲಾಟೆ ಮಾಡಿದವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯಬೇಕು. ಸೀಮೆಸುಣ್ಣ ಅವನ ಕೈಯಲ್ಲಿ. ಬರೆಯೋದೂ ಅವನೇ, ಅಳಿಸೋದೂ ಅವನೇ. ಒಂದು ಚಿಕ್ಕಿ ಕೊಟ್ಟರೆ ಹೆಸರು ಅಳಿಸಿ ಹೋಗುತ್ತೆ. ಕೊಡೋಕೆ ಏನೂ ಇಲ್ಲದ ಮಗುವಿನ ಹೆಸರು ದಿನಾ ಬೋರ್ಡಿನ ಮೇಲೆ ಇರುತ್ತೆ. ನಮ್ಮ ಅಭಿಪ್ರಾಯದಲ್ಲಿ ಈ ಹೆಸರು ಬರೆಸುವ ಪದ್ಧತಿ ನಿಲ್ಲಬೇಕು. ಲೀಡರ್ ಇರಲಿ, ವಾರಕ್ಕೊಬ್ಬರು ಬದಲಾಗಲಿ, ಕೆಲಸ ಹಂಚಲಿ. ಹೆಸರು ಬರೆಯೋದು ಬೇಡ.

ಒಂದು ಹುಡುಗಿಯ ಸಂಗತಿ

ಒಂದು ಹುಡುಗಿ ಇದ್ದಾಳೆ ಅಂದ್ಕೊಳ್ಳಿ. ಅವಳಿಗೆ ಹೆಸರು ಬೇಡ. ಯಾವ ಶಾಲೆಯಲ್ಲಾದರೂ ಇರಬಹುದಾದ ಹುಡುಗಿ ಅವಳು. ಎಂಟನೇ ತರಗತಿ. ತಾಂಡದಿಂದ ನಡೆದು ಬರುತ್ತಾಳೆ. ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಪಾಠ ಎದ್ದು ನಿಂತು ಓದುವಾಗ ಒಂದು ಮಾತು ತೊದಲಿತು. ಹಿಂದಿನ ಬೆಂಚಿನಿಂದ ಒಬ್ಬಳು ಅದೇ ಥರ ಅಣಕಿಸಿದಳು. ಕ್ಲಾಸೆಲ್ಲ ಗೊಳ್ಳೆಂದಿತು.

ಮಾರನೇ ದಿನ ಆ ತೊದಲಿದ ಮಾತೇ ಅವಳಿಗೆ ಅಡ್ಡಹೆಸರಾಯಿತು. ಇಬ್ಬರು ಹುಡುಗಿಯರು ಅದನ್ನು ಗೋಡೆ ಮೇಲೆ ಬರೆದರು. ವಾರ ಕಳೆಯಿತು. ಊಟದ ಸಾಲಿನಲ್ಲಿ ಅವಳು ಕೂತರೆ ಪಕ್ಕದವಳು ತಟ್ಟೆ ಎತ್ತಿಕೊಂಡು ಎದ್ದಳು. ಖೋಖೋ ಆಡೋಕೆ ಹೋದರೆ "ಆಗಲೇ ಭರ್ತಿ ಆಗೈತೆ" ಅಂದರು. ಯಾರೂ ಅವಳಿಗೆ ಹೊಡೆಯಲಿಲ್ಲ. ಯಾರೂ ಅವಳ ಪೆನ್ನು ಕದಿಯಲಿಲ್ಲ. ಟೀಚರ್ ಕಣ್ಣಿಗೆ ಏನೂ ಕಾಣಲಿಲ್ಲ.

ಒಂದು ಬೆಳಗ್ಗೆ ಅವಳಿಗೆ ಹೊಟ್ಟೆನೋವು ಬಂತು. ಅವ್ವ ಓಮದ ನೀರು ಕೊಟ್ಟಳು. ಮಧ್ಯಾಹ್ನಕ್ಕೆ ನೋವು ಹೋಯಿತು. ಸೋಮವಾರ ಮತ್ತೆ ಬಂತು. ಭಾನುವಾರ ಮಾತ್ರ ಯಾವತ್ತೂ ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವಳು ಅಂದಳು: "ಅವ್ವಾ, ನಾನು ಸ್ಕೂಲಿಗೆ ಹೋಗಾಕಿಲ್ಲ."

ಮನೆಯಲ್ಲಿ ಏನಂದರು? "ಓದೋಕೆ ಮನಸ್ಸಿಲ್ಲ ಇವಳಿಗೆ. ಹೋಗದಿದ್ರೆ ಬಿಡು, ಹೊಲಕ್ಕೆ ಬಾ." ಹೊಲಕ್ಕೆ ಬಂದ ಹುಡುಗಿಯ ಮೇಲೆ ನೆಂಟರ ಕಣ್ಣು ಬಿತ್ತು. ಹದಿನೈದು ತುಂಬುವ ಮೊದಲೇ ಗಂಡಿನ ಮಾತು ಬಂತು. 18 ವರ್ಷ ತುಂಬದ ಹುಡುಗಿಗೆ ಮದುವೆ ಮಾಡೋದು ಅಪರಾಧ. ಅದು ಎಲ್ಲರಿಗೂ ಗೊತ್ತು. ಆದರೂ ಶಾಲೆ ಬಿಟ್ಟ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳೋದು ಹೇಗೆ ಅಂತ ಅಪ್ಪ ಅವ್ವ ಯೋಚನೆಗೆ ಬೀಳುತ್ತಾರೆ.

ಇಷ್ಟಕ್ಕೂ ಆ ಹುಡುಗಿಗೆ ಓದು ಬರುತ್ತಿರಲಿಲ್ಲವೇ? ಬರುತ್ತಿತ್ತು. ಒಂದೇ ಒಂದು ಮಾತು ತೊದಲಿತ್ತು, ಅಷ್ಟೇ.

ಈಗ ನೀವೇ ಲೆಕ್ಕ ಹಾಕಿ. ಅಣಕಿಸಿದವಳು ಒಬ್ಬಳು. ಗೋಡೆ ಮೇಲೆ ಬರೆದವರು ಇಬ್ಬರು. ನಕ್ಕವರು ಎಷ್ಟು ಜನ? ತಲೆ ತಗ್ಗಿಸಿ ಪುಸ್ತಕ ನೋಡಿದವರು ಎಷ್ಟು ಜನ? ಅಣಕಿಸಿದಾಗ ಯಾರೂ ನಗದೇ ಇದ್ದಿದ್ದರೆ ಏನಾಗುತ್ತಿತ್ತು?

ನೂರು ಮಕ್ಕಳ ಲೆಕ್ಕ

ಇದೇ ಪ್ರಶ್ನೆಯನ್ನು ಬಹಳ ದೂರದ ಒಂದು ದೇಶದಲ್ಲಿ ಕೇಳಿದರು. ಆ ದೇಶ ಫಿನ್‌ಲ್ಯಾಂಡ್. ಯೂರೋಪಿನ ಬಡಗಣ ದಿಕ್ಕಿಗಿದೆ. ಚಳಿ ಹೆಚ್ಚು, ವರ್ಷದಲ್ಲಿ ಬಹಳ ದಿನ ಹಿಮ. ನಮ್ಮ ಬಿಸಿಲಿನ ಸೀಮೆಗೂ ಅದಕ್ಕೂ ಏನೂ ಹೋಲಿಕೆ ಇಲ್ಲ. ಆದರೆ ಮಕ್ಕಳು ಅಲ್ಲೂ ಮಕ್ಕಳೇ.

ಅಲ್ಲಿ ಕ್ರಿಸ್ಟೀನಾ ಸಾಲ್ಮಿವಾಲಿ ಅನ್ನೋ ಹೆಣ್ಣುಮಗಳು ತಮ್ಮ ಜೊತೆಯವರೊಂದಿಗೆ ಆರನೇ ತರಗತಿ ಮಕ್ಕಳ ನಡುವೆ ಒಂದು ಅಧ್ಯಯನ ಮಾಡಿದರು. ಅದು 1996ರಲ್ಲಿ ಅಚ್ಚಾಯಿತು. ಅವರು ಕಾಟ ಕೊಡುವವರು ಯಾರು ಅಂತ ಮಾತ್ರ ಕೇಳಲಿಲ್ಲ. ಒಂದು ಮಗುವಿಗೆ ಕಾಟ ಕೊಡುವಾಗ ಕ್ಲಾಸಿನ ಮಿಕ್ಕ ಮಕ್ಕಳು ಏನು ಮಾಡುತ್ತಿರುತ್ತಾರೆ ಅಂತಲೂ ಕೇಳಿದರು.

ಅವರಿಗೆ ಸಿಕ್ಕ ಲೆಕ್ಕವನ್ನು ನಾವು ನೂರಕ್ಕೆ ಇಳಿಸಿ ಹೇಳುತ್ತೇವೆ. ನೂರು ಮಕ್ಕಳಿದ್ದರೆ, ಮುಂದೆ ನಿಂತು ಕಾಟ ಕೊಡುವವರು ಸುಮಾರು 8. ಅವರಿಗೆ ಕೈ ಜೋಡಿಸುವವರು 7. ಕೈ ಹಚ್ಚದೆ ನಕ್ಕು, ಕೂಗಿ ಹುರಿದುಂಬಿಸುವವರು 20ರ ಹತ್ತಿರ. ನಮಗ್ಯಾಕೆ ಅಂತ ದೂರ ನಿಲ್ಲುವವರು 24. ನೊಂದ ಮಗುವಿನ ಪರ ನಿಲ್ಲುವವರು 17. ಕಾಟ ಪಡುವವರು 12. ಮಿಕ್ಕವರು ಯಾವ ಲೆಕ್ಕಕ್ಕೂ ಸಿಗದವರು.

ಪೆನ್ಸಿಲು ತೆಗೆದುಕೊಂಡು ಕೂಡಿಸಿ ನೋಡಿ. 8ಕ್ಕೆ 7 ಕೂಡಿದರೆ 15. ನಗುವವರು ಮತ್ತು ಸುಮ್ಮನಿರುವವರು ಸೇರಿದರೆ 44. ಕಾಟ ಕೊಡುವ ಆ 15 ಮಕ್ಕಳಿಗೆ ಬಲ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ? ನೋಡುವವರಿದ್ದರೆ ತಾನೇ ಬಯಲಾಟ? ನೋಡುವವರು ಎದ್ದು ಹೋದರೆ ವೇಷಧಾರಿ ಯಾರ ಮುಂದೆ ಕುಣಿಯಬೇಕು?

ಇದನ್ನು ತಿಳಿದ ಮೇಲೆ ಫಿನ್‌ಲ್ಯಾಂಡಿನವರು ಒಂದು ಕಾರ್ಯಕ್ರಮ ಮಾಡಿದರು. ಹೆಸರು 'ಕಿವಾ'. ಅವರ ಮಾತಿನಲ್ಲಿ ಕಿವಾ ಅಂದರೆ ಚೆನ್ನಾಗಿರೋದು, ಹಿತವಾಗಿರೋದು. 2009ರಿಂದ ಅದು ಆ ದೇಶದ ಶಾಲೆಗಳಲ್ಲೆಲ್ಲ ಹರಡಿತು. ಅದರಲ್ಲಿ ಕಾಟ ಕೊಡುವ ಮಗುವನ್ನು ಕರೆದು ಮಾತಾಡುವುದೂ ಇದೆ. ಆದರೆ ಹೆಚ್ಚಿನ ಪಾಠ ನೋಡುತ್ತಾ ನಿಲ್ಲುವ ಮಕ್ಕಳಿಗೆ. ನೀನು ನಗಬೇಡ. ಆ ಮಗುವಿನ ಪಕ್ಕ ಹೋಗಿ ಕೂರು. ದೊಡ್ಡವರಿಗೆ ಹೇಳು. ಇಷ್ಟನ್ನೇ ಮತ್ತೆ ಮತ್ತೆ ಆಟ ಆಡಿಸಿ, ನಟನೆ ಮಾಡಿಸಿ ಕಲಿಸುತ್ತಾರೆ.

ಬೋರ್ಡಿನ ಹಿಂದಿನ ಊಟದ ಡಬ್ಬಿಗಳು

ಈಗ ನಮ್ಮ ದೇಶದ ಒಂದು ಕ್ಲಾಸಿಗೆ ಬರೋಣ. ಊರು ಬೊಂಬಾಯಿ. ಶಾಲೆ ಎಲ್ಫಿನ್‌ಸ್ಟನ್ ಹೈಸ್ಕೂಲು. ಮೇಷ್ಟ್ರು ಒಬ್ಬ ಹುಡುಗನನ್ನು ಕರೆದರು, ಬೋರ್ಡಿನ ಮೇಲೆ ಲೆಕ್ಕ ಬಿಡಿಸು ಅಂದರು. ಹುಡುಗ ಎದ್ದ. ಅವನು ಬೋರ್ಡಿನ ಹತ್ತಿರ ಹೋಗುವುದರೊಳಗೆ ಮಿಕ್ಕ ಹುಡುಗರೆಲ್ಲ ಓಡಿದರು. ಯಾಕೆ? ಅವರ ಊಟದ ಡಬ್ಬಿಗಳು ಬೋರ್ಡಿನ ಹಿಂದೆ ಇದ್ದವು. ಈ ಹುಡುಗ ಬೋರ್ಡು ಮುಟ್ಟಿದರೆ ಊಟ ಮೈಲಿಗೆಯಾಗುತ್ತೆ ಅಂತ ಡಬ್ಬಿಗಳನ್ನು ಎಳೆದು ಆಚೆ ಹಾಕಿದರು.

ಆ ಹುಡುಗನ ಹೆಸರು ಭೀಮರಾವ್. ನಮ್ಮ ಸಂವಿಧಾನ ಬರೆಯಲು ಮುಂದೆ ನಿಂತ ಬಾಬಾಸಾಹೇಬ್ ಅಂಬೇಡ್ಕರ್. ಅದಕ್ಕೂ ಮೊದಲು ಸಾತಾರದ ಶಾಲೆಯಲ್ಲಿ ಅವರು ಮನೆಯಿಂದ ಗೋಣಿತಟ್ಟು ತಂದು ಬೇರೆ ಕೂರಬೇಕಿತ್ತು. ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕಿತ್ತು. ಶಾಲೆಯ ಜವಾನ ಬಂದು ನೀರು ಹಾಕಿದರೆ ಉಂಟು, ಇಲ್ಲದಿದ್ದರೆ ಬಾಯಾರಿಕೆ. ಅವರು ಮೆಟ್ರಿಕ್ ಪಾಸಾಗಿದ್ದು 1907ರಲ್ಲಿ. ನಮ್ಮ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದೂ ಅದೇ ವರ್ಷ.

ಈ ಸಂಗತಿಯಲ್ಲಿ ಒಂದನ್ನು ಗಮನಿಸಿ. ಬೊಂಬಾಯಿ ಶಾಲೆಯಲ್ಲಿ ಮೇಷ್ಟ್ರು ಆ ಹುಡುಗನನ್ನು ಬೋರ್ಡಿಗೆ ಕರೆದರು. ಓಡಿದವರು ಮಕ್ಕಳು. ಅವರಿಗೆ ಡಬ್ಬಿ ತೆಗೆಯಿರಿ ಅಂತ ಆ ಹೊತ್ತಿನಲ್ಲಿ ಯಾರೂ ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ಆ ಪಾಠ ಅವರಿಗೆ ಮನೆಯಲ್ಲೇ ಆಗಿತ್ತು.

ಈಗ ಕಾಲ ಬದಲಾಗಿದೆ, ನಿಜ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ನಮ್ಮ ಜಿಲ್ಲೆಗೂ ಬಂತು. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಇದು ಸಣ್ಣ ಕೆಲಸ ಅಲ್ಲ. ಆದರೂ ಸಾಲನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಗೊತ್ತಾಗುತ್ತೆ. ಕೆಲವು ಕಡೆ ಒಂದು ಓಣಿಯವರು ಒಂದು ತುದಿಗೆ, ಇನ್ನೊಂದು ಓಣಿಯವರು ಇನ್ನೊಂದು ತುದಿಗೆ. ಮೊಟ್ಟೆ ಕೊಡುವ ದಿನ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಬೇಕಾದ್ದು ತಿನ್ನಲಿ, ಅದರಲ್ಲಿ ಏನೂ ತಪ್ಪಿಲ್ಲ. ಮೂಗು ಮುಚ್ಚಿಕೊಂಡು ಪಕ್ಕದ ಮಗುವನ್ನು ನೋಡಿದರೆ ಅದು ತಪ್ಪು. ಮೊಟ್ಟೆ ತಿನ್ನದ ಮಗುವನ್ನು "ಪುಳಿಚಾರು" ಅಂತ ಕರೆದು ಗೇಲಿ ಮಾಡಿದರೆ ಅದೂ ತಪ್ಪೇ.

ಐದನೇ ತರಗತಿ ಮಗುವಿಗೆ ಇದನ್ನೆಲ್ಲ ಕಲಿಸಿದವರು ಯಾರು? ಒಲೆ ಮುಂದೆ ಕೂತು ನಾವು ಆಡುವ ಮಾತು ಮಕ್ಕಳ ಕಿವಿಗೆ ಬೀಳುತ್ತೆ. "ಆ ಹುಡುಗಿ ಜೊತೆ ಯಾಕೆ ತಿರುಗ್ತೀಯಾ? ಅವರು ಯಾರ ಪೈಕಿ ಗೊತ್ತಾ?" ಸಂಜೆ ಆಡಿದ ಈ ಮಾತು ಬೆಳಗ್ಗೆ ಚೀಲದ ಜೊತೆ ಶಾಲೆಗೆ ಹೋಗುತ್ತೆ.

ರಾಮಾಚಾರಿ ಮತ್ತು ಅವನ ಗೆಳೆಯ

ನಮ್ಮ ದುರ್ಗದಲ್ಲಿ 'ನಾಗರಹಾವು' ಸಿನಿಮಾ ನೋಡದವರು ಯಾರಿದ್ದಾರೆ? ತರಾಸು ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಅವರು ಮಾಡಿದ ಸಿನಿಮಾ. 1972ರಲ್ಲಿ ಬಂತು. ನಮ್ಮ ಕೋಟೆಯಲ್ಲೇ ತೆಗೆದದ್ದು. ಚಾಮಯ್ಯ ಮೇಷ್ಟ್ರು, ರಾಮಾಚಾರಿ, ಜಲೀಲ, ಎಲ್ಲರೂ ನಮ್ಮ ಪಕ್ಕದ ಬೀದಿಯವರೇ ಅನ್ನುವ ಹಾಗೆ ಜನ ಮಾತಾಡುತ್ತಾರೆ.

ಅದು ಕಾಲೇಜು ಹುಡುಗರ ಕಥೆ. ಅದರಲ್ಲಿ ವರದನ ತಂಗಿ ಅಲಮೇಲುಗೆ ಜಲೀಲ ದಾರಿಯಲ್ಲಿ ಕಾಟ ಕೊಡುತ್ತಾನೆ. ವರದನಿಗೆ ಅವನನ್ನು ಎದುರಿಸೋ ಎದೆ ಇಲ್ಲ. ಹುಂಬ ಧೈರ್ಯದ ಗೆಳೆಯ ರಾಮಾಚಾರಿಯನ್ನು ಮುಂದೆ ಬಿಡುತ್ತಾನೆ. ಹೊಡೆದಾಡಿದವನು ರಾಮಾಚಾರಿ. ಕೆಲಸ ಆದದ್ದು ವರದನಿಗೆ.

ಜನ ರಾಮಾಚಾರಿಯ ಸಿಟ್ಟನ್ನು ನೆನಪಿಟ್ಟುಕೊಂಡಿದ್ದಾರೆ. ನಾವು ವರದನನ್ನೂ ನೆನಪಿಟ್ಟುಕೊಳ್ಳಬೇಕು. ಶಾಲೆಯಲ್ಲಿ ಜಗಳವಾದಾಗ ಸಿಕ್ಕಿಬೀಳೋದು ಕೈ ಎತ್ತಿದ ಹುಡುಗ. "ನೀನು ಗಂಡಸಾದ್ರೆ ಹೊಡಿಯೋ ನೋಡೋಣ" ಅಂತ ಹಿಂದಿನಿಂದ ತಳ್ಳಿದವರು ಸಾಲಿನಲ್ಲಿ ಒಳ್ಳೆಯವರಾಗಿ ನಿಂತಿರುತ್ತಾರೆ. ನಿಮ್ಮ ಮಗ ಹೊಡೆದು ಬಂದರೆ "ಯಾಕೆ ಹೊಡೆದೆ?" ಅಂತ ಮಾತ್ರ ಕೇಳಬೇಡಿ. "ಹೊಡಿ ಅಂತ ಯಾರು ಅಂದ್ರು? ಆಗ ನಿನ್ನ ಸುತ್ತ ಯಾರ್‍ಯಾರು ಇದ್ರು?" ಅಂತಲೂ ಕೇಳಿ. ಬೀಡಿ, ಗುಟ್ಕಾ ಮೊದಲ ಸಲ ಬಾಯಿಗೆ ಬರೋದೂ ಹೀಗೇ. ಕೆರೆ, ಕಲ್ಲು ಕ್ವಾರಿಯ ಹೊಂಡಕ್ಕೆ ಈಜು ಬರದ ಹುಡುಗ ಇಳಿಯೋದೂ ಹೀಗೇ. ಗೆಳೆಯರ ಮುಂದೆ ಹೇಡಿ ಅನ್ನಿಸಿಕೊಳ್ಳುವ ಭಯ ನೀರಿನ ಭಯಕ್ಕಿಂತ ದೊಡ್ಡದು, ಆ ವಯಸ್ಸಿನಲ್ಲಿ.

ಮಾತು ಬಿಡುವ ಶಿಕ್ಷೆ

ಹುಡುಗರ ಜಗಳ ಮೈದಾನದಲ್ಲಿ ಕಾಣುತ್ತೆ. ಹುಡುಗಿಯರದು ಹೊರಗೆ ಕಾಣೋದು ಕಡಿಮೆ. ಅವರು 'ಟೂ' ಬಿಡುತ್ತಾರೆ. ಒಬ್ಬಳು ಟೂ ಬಿಟ್ಟರೆ ಅದು ಎರಡು ದಿನದ ಜಗಳ, ಮೂರನೇ ದಿನ ನೆಲ್ಲಿಕಾಯಿ ಹಂಚಿಕೊಂಡು ಸರಿಯಾಗುತ್ತೆ. ಮುಂದಾಳು ಹುಡುಗಿ "ಅವಳ ಜೊತೆ ಯಾರೂ ಮಾತಾಡಬೇಡಿ" ಅಂತ ಎಲ್ಲರ ಕೈಲೂ ಟೂ ಬಿಡಿಸಿದರೆ ಅದು ಬಹಿಷ್ಕಾರವೇ ಸರಿ. ಮಿಕ್ಕವರಿಗೆ ಆ ಹುಡುಗಿ ಮೇಲೆ ದ್ವೇಷ ಇರೋದಿಲ್ಲ. ಮಾತಾಡಿದರೆ ನಾಳೆ ನಮ್ಮ ಸರದಿ ಅಂತ ಹೆದರಿಕೆ.

ಮುಟ್ಟಿನ ವಿಷಯದಲ್ಲಿ ಈ ಕಾಟ ಇನ್ನೂ ಹೆಚ್ಚು. ಲಂಗದ ಮೇಲೆ ಒಂದು ಕಲೆ ಕಂಡರೆ ಸಾಕು, ಪಿಸುಮಾತು ಕ್ಲಾಸೆಲ್ಲ ಸುತ್ತುತ್ತೆ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಊರ ಹೊರಗೆ ಇರಬೇಕು ಅನ್ನುವ ಕಟ್ಟುಪಾಡು ಇದೆ. ಅಂಥ ಹಟ್ಟಿಯ ಹುಡುಗಿ ತಿಂಗಳಲ್ಲಿ ಮೂರು ದಿನ ಬಾರದೇ ಇದ್ದರೆ ಯಾಕೆ ಅಂತ ಕ್ಲಾಸಿಗೆಲ್ಲ ಗೊತ್ತು. ಬಂದ ದಿನ ಹುಡುಗರು ಅವಳನ್ನು ನೋಡಿ ನಗುತ್ತಾರೆ. ಗಂಡು ಮಕ್ಕಳಿಗೆ ಮುಟ್ಟು ಅಂದರೆ ಏನು ಅಂತ ಮನೆಯಲ್ಲಿ ಅವ್ವನೇ ಹೇಳಬೇಕು. "ನಿನ್ನ ಅಕ್ಕನಿಗೂ ಆಗುತ್ತೆ, ನನಗೂ ಆಗುತ್ತೆ. ಅದರಲ್ಲಿ ನಗೋದು ಏನೈತೆ?" ಇಷ್ಟು ಮಾತು ಸಾಕು. ಹೇಳೋಕೆ ನಾಚಿಕೆ ಆಗಬಹುದು. ನಾಚಿಕೆ ಬಿಟ್ಟು ಹೇಳಿದ ತಾಯಂದಿರ ಮಕ್ಕಳು ಕ್ಲಾಸಿನಲ್ಲಿ ಬೇರೆ ಥರ ನಡೆದುಕೊಳ್ಳೋದನ್ನು ನಾವು ನೋಡಿದ್ದೇವೆ.

ಇತ್ತೀಚೆಗೆ ಮೊಬೈಲು ಬೇರೆ ಸೇರಿಕೊಂಡಿದೆ. 2020ರಲ್ಲಿ ಕೊರೊನಾ ಬಂದಾಗ ಪಾಠಕ್ಕೆ ಅಂತ ಮಕ್ಕಳ ಕೈಗೆ ಬಂದದ್ದು ವಾಪಸ್ ಹೋಗಲಿಲ್ಲ. ವಾಟ್ಸಾಪಿನಲ್ಲಿ ಹತ್ತನೇ ತರಗತಿಯವರದೇ ಗುಂಪುಗಳಿವೆ. ಒಬ್ಬರನ್ನು ಗುಂಪಿನಿಂದ ತೆಗೆದು ಹಾಕುತ್ತಾರೆ. ಒಬ್ಬರ ಫೋಟೋ ಹಾಕಿ ಗೇಲಿ ಮಾಡುತ್ತಾರೆ. ಹಿಂದೆ ಮನೆಗೆ ಬಂದರೆ ಕಾಟ ತಪ್ಪುತ್ತಿತ್ತು. ಈಗ ಹಾಸಿಗೆವರೆಗೂ ಬರುತ್ತೆ. ಹೆಣ್ಣುಮಕ್ಕಳ ಫೋಟೋ ಕೆಟ್ಟದಾಗಿ ಬಳಸಿದರೆ ಅದು ಮಕ್ಕಳಾಟ ಅಲ್ಲ, ಪೊಲೀಸರಿಗೆ ಹೇಳಬೇಕಾದ ಅಪರಾಧ.

ಮನೆಯಲ್ಲಿ ಏನು ಮಾಡೋದು?

ಮೊದಲು ಗುರುತು ಹಿಡಿಯಬೇಕು. ಶಾಲೆ ಇರುವ ದಿನ ಮಾತ್ರ ಬರುವ ಹೊಟ್ಟೆನೋವು, ತಲೆನೋವು. ಪದೇ ಪದೇ ಕಳೆಯುವ ಪೆನ್ನು, ಪೆನ್ಸಿಲು. ಜೊತೆಯವರನ್ನು ಬಿಟ್ಟು ಸುತ್ತು ದಾರಿಯಲ್ಲಿ ಬರೋದು. ಬಿಸಿಯೂಟ ಇದ್ದರೂ ಹಸಿದು ಮನೆಗೆ ಬರೋದು. ಇವು ಕಂಡರೆ ಮಗುವನ್ನು ಗದರಬೇಡಿ. ಪಕ್ಕ ಕೂರಿಸಿಕೊಳ್ಳಿ. ಕಡ್ಲೆಕಾಯಿ ಬಿಡಿಸುವಾಗಲೋ, ತಲೆ ಬಾಚುವಾಗಲೋ ಮಾತು ತೆಗೆಯಿರಿ. ಮುಖ ನೋಡದೇ ಇದ್ದಾಗ ಮಕ್ಕಳ ಬಾಯಿ ಬೇಗ ಬಿಡುತ್ತೆ.

"ನೀನೂ ಎರಡು ಬಾರಿಸಿ ಬಾ" ಅನ್ನೋರು ಬಹಳ. ಹತ್ತು ಜನರ ಗುಂಪಿಗೆ ಒಂದು ಮಗು ಹೇಗೆ ಬಾರಿಸುತ್ತೆ? ಇನ್ನು ಕೆಲವರು ಸೀದಾ ಆ ಹುಡುಗಿ ಮನೆ ಮುಂದೆ ಹೋಗಿ ಜಗಳ ತೆಗೆಯುತ್ತಾರೆ. ಆಗ ಮಕ್ಕಳ ಮಾತು ಓಣಿಯ ಮಾತಾಗುತ್ತೆ, ಓಣಿಯದು ಜಾತಿಯದಾಗುತ್ತೆ. ಮಗುವಿಗೆ ಮಾರನೇ ದಿನ ಕಾಟ ಇಮ್ಮಡಿ. ಶಾಲೆ ಬಿಡಿಸೋದಂತೂ ಬೇಡವೇ ಬೇಡ. ಕಾಟ ಕೊಟ್ಟವಳು ಓದಿ ಮುಂದೆ ಹೋಗುತ್ತಾಳೆ, ಪಟ್ಟವಳು ಹೊಲದಲ್ಲಿ ಉಳಿಯುತ್ತಾಳೆ. ಇದು ಯಾವ ನ್ಯಾಯ?

ಕಾಟ ಕೊಡುವ ಮಗು ನಮ್ಮದೇ ಆಗಿದ್ದರೆ? ಇದನ್ನು ಕೇಳೋದು ಕಷ್ಟ. "ನನ್ನ ಮಗ ಅಂಥೋನಲ್ಲ" ಅಂತಲೇ ಬಾಯಿಗೆ ಬರುತ್ತೆ. ಟೀಚರ್ ಕರೆಸಿ ಹೇಳಿದರೆ ಒಂದು ದಿನ ತಾಳ್ಮೆಯಿಂದ ಕೇಳಿ. ಮನೆಗೆ ಬಂದು ದೊಣ್ಣೆ ತೆಗೆಯಬೇಡಿ. ಮನೆಯಲ್ಲಿ ಏಟು ತಿಂದವನು ಶಾಲೆಯಲ್ಲಿ ತನಗಿಂತ ಸಣ್ಣವರನ್ನು ಹುಡುಕುತ್ತಾನೆ. ಅಪ್ಪ ಕುಡಿದು ಬಂದು ಅವ್ವನಿಗೆ ಹೊಡೆಯೋದನ್ನು ದಿನಾ ನೋಡುವ ಮಗು, ಬಲ ಇದ್ದವರು ಹೀಗೇ ಮಾಡಬೇಕು ಅಂತ ಕಲಿತಿರುತ್ತೆ. ತಪ್ಪು ಮಾಡಿದ್ದರೆ ತಪ್ಪು ಅಂತ ಗಟ್ಟಿಯಾಗಿ ಹೇಳಿ. ಕಸಿದ ಪೆನ್ನನ್ನು ಅವನ ಕೈಯಿಂದಲೇ ವಾಪಸ್ ಕೊಡಿಸಿ.

ನಮ್ಮ ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ಇವೆರಡೂ ಅಲ್ಲ. ಅವರು ನಕ್ಕವರು, ಇಲ್ಲವೇ ಸುಮ್ಮನಿದ್ದವರು. ಆ 44ರಲ್ಲಿ ಒಬ್ಬರು. ಅವರಿಗೆ ದೊಡ್ಡ ಧೈರ್ಯದ ಕೆಲಸ ಹೇಳಬೇಡಿ. ಮುಂದಾಳನ್ನು ಎದುರಿಸು ಅಂದರೆ ಹೆದರುತ್ತಾರೆ. ಸಣ್ಣ ಕೆಲಸ ಹೇಳಿ. "ನಾಳೆ ಊಟಕ್ಕೆ ಅವಳ ಪಕ್ಕ ಕೂರು. ಮನೆಗೆ ಬರುವಾಗ ಅವಳನ್ನೂ ಕರೆದುಕೊಂಡು ಬಾ." ಒಬ್ಬಳು ಕೂತರೆ ಎರಡನೆಯವಳು ಬರೋದು ಸುಲಭ.

ಶಾಲೆಗೆ ಹೇಳೋದು ಹೇಗೆ?

ಕ್ಲಾಸ್ ಟೀಚರಿಗೆ ಹೇಳಿ. ಎಲ್ಲರ ಮುಂದೆ ಬೇಡ, ಬಿಡುವಿನ ಹೊತ್ತು ನೋಡಿ. ಕೇಳದಿದ್ದರೆ ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ. ಬಾಯಿಮಾತು ಮರೆತು ಹೋಗುತ್ತೆ, ಬರೆದದ್ದು ಫೈಲಿನಲ್ಲಿ ಇರುತ್ತೆ. ಆಮೇಲೆ ಶಾಲಾಭಿವೃದ್ಧಿ ಸಮಿತಿ ಇದೆ, ಎಸ್‌ಡಿಎಂಸಿ ಅಂತ ಕರೆಯುತ್ತಾರೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ. ಅಂದರೆ ಆ ಕುರ್ಚಿ ನಿಮ್ಮದು. ಸಭೆಗೆ ಗಂಡನನ್ನು ಕಳಿಸಿ ಸುಮ್ಮನಾಗಬೇಡಿ. ಕಟ್ಟಡ, ಬಣ್ಣ, ಕಾಂಪೌಂಡಿನ ಮಾತು ಮುಗಿದ ಮೇಲೆ ಮಕ್ಕಳು ಹೇಗೆ ಕೂರುತ್ತಾರೆ ಅಂತ ಕೇಳಿ.

ಇದೇ ಕಾಯ್ದೆಯಲ್ಲಿ ಮಗುವಿಗೆ ಹೊಡೆಯಬಾರದು, ಮನಸ್ಸಿಗೆ ಹಿಂ��ೆ ಕೊಡಬಾರದು ಅಂತಲೂ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ರ‍್ಯಾಗಿಂಗ್ ಮಾಡುವುದನ್ನು ತಡೆಯುತ್ತೆ. ಎಲ್ಲೂ ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098. ಈ ಫೋನಿಗೆ ದುಡ್ಡಿಲ್ಲ. ಮಗುವೇ ಮಾಡಬಹುದು, ನೀವೂ ಮಾಡಬಹುದು. ಈ ನಾಲ್ಕು ಅಂಕಿಗಳನ್ನು ಈಗಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ: 1, 0, 9, 8.

ಕೆಳಗೆ ಒಂದು ಅರ್ಜಿ ಇದೆ. ಮೊದಲು ಗಟ್ಟಿಯಾಗಿ ಓದಿ. ಆಮೇಲೆ ಬೇರೆ ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಚುಕ್ಕಿ ಇರುವ ಜಾಗದಲ್ಲಿ ನಿಮ್ಮ ಊರು, ನಿಮ್ಮ ಮಗುವಿನ ಹೆಸರು ತುಂಬಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಿ.

ಇವರಿಗೆ,
ಮುಖ್ಯ ಶಿಕ್ಷಕರು,
................ ಶಾಲೆ,
................ ಗ್ರಾಮ, ................ ತಾಲ್ಲೂಕು,
ಚಿತ್ರದುರ್ಗ ಜಿಲ್ಲೆ.

ಮಾನ್ಯರೇ,

ನನ್ನ ಮಗಳು ................ ನಿಮ್ಮ ಶಾಲೆಯಲ್ಲಿ ...... ನೇ ತರಗತಿ ಓದುತ್ತಿದ್ದಾಳೆ. ...... ದಿನಗಳಿಂದ ಅವಳ ಜೊತೆ ಕ್ಲಾಸಿನಲ್ಲಿ ಯಾರೂ ಕೂರುತ್ತಿಲ್ಲ. ಅಡ್ಡಹೆಸರು ಇಟ್ಟು ಕರೆಯುತ್ತಾರೆ. ಆಟಕ್ಕೆ ಸೇರಿಸುವುದಿಲ್ಲ. ಅವಳಿಗೆ ಓದಲು ಇಷ್ಟವಿದೆ. ಶಾಲೆಗೆ ಬರಲು ಹೆದರುತ್ತಾಳೆ.

ಯಾವ ಮಗುವಿಗೂ ಹೊಡೆಯಿರಿ ಎಂದು ನಾನು ಕೇಳುವುದಿಲ್ಲ. ಮಕ್ಕಳೆಲ್ಲರ ಜಾಗವನ್ನು ವಾರಕ್ಕೊಮ್ಮೆ ಬದಲಾಯಿಸಿ. ಊಟದ ಸಾಲಿನಲ್ಲಿ, ಆಟದಲ್ಲಿ ನನ್ನ ಮಗಳನ್ನೂ ಸೇರಿಸಿ. ಏನು ಮಾಡಿದಿರಿ ಎಂದು ತಿಳಿಯಲು ನಾನು ................ ವಾರ ಶಾಲೆಗೆ ಬರುತ್ತೇನೆ.

ವಂದನೆಗಳು.

ದಿನಾಂಕ: ................
ತಾಯಿಯ ಸಹಿ: ................